ಒಡೆದ ಚರ್ಮಕ್ಕೆ ನೀರೂ ಬೇಕು, ಬೀಗವೂ ಬೇಕು

ಕಳೆದ ಓಣಂ ರಜೆಯಲ್ಲಿ ತಂಗಿಯ ಮನೆಗೆಂದು ಕಂಬಂಗೆ ಹೋಗಿದ್ದೆ. ಕಂಬಂ ಎಂಬುದು ತಮಿಳುನಾಡಿನ ತೇನಿ ಜಿಲ್ಲೆಯ ಒಂದು ಪೇಟೆ. ಭಾವನವರಿಗೆ ಅಲ್ಲಿನ ಬೇಂಕೊಂದರಲ್ಲಿ ಕೆಲಸ. ಕಾಸರಗೋಡಿನಿಂದ ರೈಲಿನಲ್ಲಿ ಕೋಟ್ಟಯಂ, ಅಲ್ಲಿಂದ ಬಸ್ಸಿನಲ್ಲಿ ಕುಮಳಿ, ಕುಮಳಿಯಿಂದ ಘಾಟಿ ಇಳಿದರೆ ಲೋವರ್ ಕ್ಯಾಂಪ್, ಗೂಡಲೂರು, ಆ ಮೇಲೆ ಕಂಬಂ. ಕುಮಳಿಯಲ್ಲಿ ನಾನು ಬಸ್ಸು ಹತ್ತಿದ್ದು ಕೊಡೆ ಹಿಡಿದುಕೊಂಡು. ಘಾಟಿಯ ತಿರುವುಗಳು ಮುಗಿಯುವಷ್ಟರಲ್ಲಿ ಮಳೆ ಎಲ್ಲಿಯೋ ಹಿಂದೆ ಉಳಿದಿತ್ತು. ಕಂಬಂನಲ್ಲಿ ಇಳಿದಾಗ ಬೀಸುತ್ತಿದ್ದುದು ಬರೇ ಒಣಗಾಳಿ. ಮರುದಿನ ಬೆಳಗ್ಗೆ ಏಳುವಾಗ ನನ್ನ ತುಟಿ ಬಿರಿದಿತ್ತು.

ಊರಿನಲ್ಲಿ ಅಂಗಳದ ಪಾಚಿ ಕೆರೆಸಿ ಸಾಕಾಗುವ ಅದೇ ತಿಂಗಳಲ್ಲಿ ಅಲ್ಲಿ ಜನರು ಕೈಕಾಲಿಗೆ ಏನು ಹಚ್ಚುವುದೆಂದು ಯೋಚಿಸುತ್ತಾರೆ. ಇದಕ್ಕೆ ಕಾರಣ ಪಶ್ಚಿಮ ಘಟ್ಟ. ಅರಬಿ ಸಮುದ್ರದಿಂದ ಬರುವ ಮುಂಗಾರು ಗಾಳಿ ಘಟ್ಟ ಏರುವಾಗ ತನ್ನ ನೀರನ್ನೆಲ್ಲ ಕೇರಳದ ಬದಿಗೆ ಸುರಿಸಿಬಿಡುತ್ತದೆ. ಆಚೆ ಬದಿಗೆ ಇಳಿಯುವ ಗಾಳಿ ಬೆಚ್ಚಗಾಗುತ್ತದೆ, ಒಣಗುತ್ತದೆ. ನಮ್ಮಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲ್ಲಿಮೀಟರಿಗೂ ಮಿಕ್ಕಿ ಮಳೆಯಾದರೆ, ಕಂಬಂ ಕಣಿವೆಯಲ್ಲಿ ಸಾವಿರ ಮಿಲ್ಲಿಮೀಟರೂ ಆಗುವುದಿಲ್ಲ. ಜೂನಿನಿಂದ ಸೆಪ್ಟೆಂಬರ್ ತನಕ ಬೆಟ್ಟಗಳ ಸಂದಿನಿಂದ ನುಗ್ಗುವ ಗಾಳಿ ಎಷ್ಟು ಜೋರೆಂದರೆ, ಆಂಡಿಪಟ್ಟಿ ಕಡೆ ಅದರಿಂದ ವಿದ್ಯುತ್ ತಯಾರಿಸಲು ಸಾಲುಸಾಲಾಗಿ ಗಾಳಿಯಂತ್ರಗಳನ್ನು ನಿಲ್ಲಿಸಿದ್ದಾರೆ. ಕರ್ನಲ್ ಪೆನ್ನಿಕ್ವಿಕ್ ಅವರ ನೇತೃತ್ವದಲ್ಲಿ 1895ರಲ್ಲಿ ಮುಗಿದ ಮುಲ್ಲಪೆರಿಯಾರ್ ಅಣೆಕಟ್ಟಿನ ನೀರು ಸುರಂಗದ ಮೂಲಕ ಈ ಕಣಿವೆಗೆ ಬರುತ್ತದೆ. ಅದರಿಂದಾಗಿ ಭತ್ತವೂ ಹೆಸರಾಂತ ಪನ್ನೀರು ದ್ರಾಕ್ಷಿಯೂ ಬೆಳೆಯುತ್ತವೆ. ಹೊಲಕ್ಕೆ ನೀರು ಬಂತು. ಗಾಳಿಗೆ ತೇವ ಬರಲಿಲ್ಲ.

ಇದೇ ಕಣಿವೆಯಲ್ಲಿ ಕನ್ನಡ ಮಾತಾಡುವವರೂ ಇದ್ದಾರೆಂಬುದು ನಮ್ಮವರಲ್ಲಿ ಹೆಚ್ಚಿನವರಿಗೆ ತಿಳಿಯದು. ಕಪ್ಪಿಲಿಯರೆಂದು ಕರೆಯಲ್ಪಡುವ ಕೃಷಿಕರು ತಲೆಮಾರುಗಳ ಹಿಂದೆ ವಲಸೆ ಬಂದವರು. ಮನೆಯಲ್ಲಿ ಇಂದಿಗೂ ಕನ್ನಡವೇ. ಥರ್ಸ್ಟನ್ 1909ರಲ್ಲಿ ಪ್ರಕಟಿಸಿದ ದಕ್ಷಿಣ ಭಾರತದ ಜಾತಿ ಬುಡಕಟ್ಟುಗಳ ಗ್ರಂಥದಲ್ಲಿಯೂ ಅವರನ್ನು ಕನ್ನಡ ಮಾತಿನ ಒಕ್ಕಲುಗಳೆಂದೇ ಬರೆದಿದ್ದಾರೆ. ಓದು ಬರಹ ಮಾತ್ರ ತಮಿಳಿನಲ್ಲಿ. ತಂಗಿಯ ನೆರೆಮನೆಯ ಅಜ್ಜಿ ಅಂಥವರು. ಅವರ ಮಾತಿನಲ್ಲಿ ತಮಿಳು ಬೆರೆತಿದ್ದರೂ ನೀರು, ಎಣ್ಣೆ, ಕಾಲು ಎಂಬ ಮಾತುಗಳು ಕಿವಿಗೆ ಬಿದ್ದಾಗ ನನಗೆ ಊರಿಗೇ ಬಂದಂತಾಯಿತು. ಅವರ ಕಾಲಿನ ಮಾತನ್ನು ಮುಂದೆ ಹೇಳುತ್ತೇನೆ. ಮೊದಲು ನನ್ನ ಸೊಸೆಯ ಮಾತು.

ಏಳು ಬಗೆಯ ಮದ್ದು

ತಂಗಿಯ ಮಗಳಿಗೆ ಎಂಟು ವರ್ಷ. ಊರಿನಲ್ಲಿದ್ದಾಗ ಅವಳ ಚರ್ಮ ಸ್ವಲ್ಪ ಒರಟು ಅನ್ನಿಸುತ್ತಿತ್ತು, ಅಷ್ಟೇ. ಕಂಬಂಗೆ ಹೋದ ಒಂದು ವರ್ಷದಲ್ಲಿ ಮೊಣಕಾಲಿನ ಕೆಳಗೆ, ಬೇಸಗೆಯಲ್ಲಿ ಬತ್ತಿದ ಕೆರೆಯ ಕೆಸರು ಬಿರಿದ ಹಾಗೆ ಗೆರೆಗಳೆದ್ದಿದ್ದವು. ರಾತ್ರಿ ತುರಿಸಿ ತುರಿಸಿ ಹಾಸಿಗೆಯ ಬಟ್ಟೆಯಲ್ಲಿ ರಕ್ತದ ಚುಕ್ಕೆ. ಶಾಲೆಯಲ್ಲಿ ಪಕ್ಕದ ಹುಡುಗಿ ಅಂಟುರೋಗವೆಂದು ಹೇಳಿ ದೂರ ಸರಿದು ಕುಳಿತಳಂತೆ. ಅಂದಿನಿಂದ ಮಗು ಎಂಥ ಸೆಕೆಗೂ ಉದ್ದ ಕಾಲುಚೀಲ ತೆಗೆಯುವುದಿಲ್ಲ.

"ನಾನೇನೂ ಮಾಡದೆ ಕೂತಿಲ್ಲ ಅಕ್ಕಾ" ಎಂದು ತಂಗಿ ಕಪಾಟು ತೆರೆದು ತೋರಿಸಿದಳು. ಏಳು ಬಗೆ ಇದ್ದವು. ಘಮಘಮಿಸುವ ಲೋಶನ್ ಎರಡು. ದುಬಾಯಿಯಿಂದ ನೆಂಟರು ತಂದ ಐವತ್ತು ಗ್ರಾಮಿನ ಚಿಕ್ಕ ಡಬ್ಬಿ. ಬೆಲೆ ಕೇಳಿದರೆ ತಲೆ ತಿರುಗಬೇಕು. ಶುದ್ಧ ಗ್ಲಿಸರಿನ್ ಬಾಟ್ಲಿ ಒಂದು. ಮಗುವಿನ ಮೈಗೆ ಒಳ್ಳೆಯದೆಂದು ಯಾರೋ ಹೇಳಿ ತರಿಸಿದ ಆಲಿವ್ ಎಣ್ಣೆ. ನಾನೇ ಊರಿನಿಂದ ಕಳುಹಿಸಿದ ತೆಂಗಿನೆಣ್ಣೆ. ಏಳನೆಯದು ಒಂದು ಸಣ್ಣ ಟ್ಯೂಬು. ಯಾವುದೋ ಮದ್ದಿನಂಗಡಿಯಲ್ಲಿ ಮಗುವಿನ ಕಾಲು ತೋರಿಸಿ ಕೇಳಿದಾಗ ಕೊಟ್ಟದ್ದು. ಹಚ್ಚಿದ ನಾಲ್ಕೇ ದಿನದಲ್ಲಿ ಚರ್ಮ ನುಣುಪಾಯಿತಂತೆ. ಸಂತೋಷದಿಂದ ಕೆನ್ನೆಗೂ ಹಚ್ಚಿದರು. ಬಿಟ್ಟಾಗಲೆಲ್ಲ ಮೊದಲಿಗಿಂತ ಹೆಚ್ಚು ಕೆಂಪಾಗಿ ತುರಿಕೆ. ಪುನಃ ಹಚ್ಚಿದರೆ ಶಮನ. ಎರಡು ತಿಂಗಳಾಗುವಾಗ ಕೆನ್ನೆಯ ಚರ್ಮ ತೆಳುವಾಗಿ ಕೆಂಪು ಎಳೆಗಳು ಕಾಣಿಸತೊಡಗಿದ್ದವು.

ಟ್ಯೂಬಿನ ಮೇಲಿನ ಸಣ್ಣ ಅಕ್ಷರಗಳನ್ನು ಕನ್ನಡಕ ಹಾಕಿ ಓದಿದೆ: ಕ್ಲೋಬೆಟಸಾಲ್. ಅದು ತೇವದ ಕ್ರೀಮೇ ಅಲ್ಲ. ಬಹಳ ಪ್ರಬಲವಾದ ಸ್ಟಿರಾಯ್ಡ್ ಮದ್ದು. ಮರುದಿನವೇ ತೇನಿಯಲ್ಲಿ ಚರ್ಮದ ಡಾಕ್ಟರರಲ್ಲಿಗೆ ಹೋದೆವು. ಅವರು ಟ್ಯೂಬನ್ನು ನೋಡಿ ತೆಗೆದಿಟ್ಟರು. ಅದನ್ನು ಬಿಡುವ ಕ್ರಮವನ್ನು ವಿವರಿಸಿದರು. ಬಳಿಕ ಉಳಿದ ಆರು ಬಗೆಗಳ ವಿಷಯ ಬಂತು. ಏನು ಹಚ್ಚುತ್ತೀರಿ ಎಂಬುದಕ್ಕಿಂತ ಮೊದಲು ಯಾವಾಗ ಹಚ್ಚುತ್ತೀರಿ ಎಂದು ಕೇಳಿದರು. ಮಗು ಶಾಲೆಯಿಂದ ಬಂದ ಮೇಲೆ, ಸಾಯಂಕಾಲ, ಎಂದಳು ತಂಗಿ. ಹಾಗೆ ಹಚ್ಚೆಂದು ಫೋನಿನಲ್ಲಿ ಹೇಳಿದವಳು ನಾನೇ. ತಪ್ಪು ಅಲ್ಲಿಯೇ ಇತ್ತು.

ಹಾಳೆ ಕಲಿಸಿದ ಪಾಠ

ನಮ್ಮ ತೋಟದ ಮನೆಗಳವರಿಗೆ ಇದನ್ನು ತಿಳಿಸಲು ದೊಡ್ಡ ಶಾಸ್ತ್ರ ಬೇಡ. ಅಡಿಕೆ ಹಾಳೆ ಬಿದ್ದು ನಾಲ್ಕು ದಿನ ಬಿಸಿಲಿಗೆ ಒಣಗಿದರೆ ಮುಟ್ಟಿದಲ್ಲಿ ಸೀಳುತ್ತದೆ. ಅದರಿಂದ ಮುಟ್ಟಾಳೆಯನ್ನೋ ತಟ್ಟೆಯನ್ನೋ ಮಾಡಬೇಕಾದರೆ ಏನು ಮಾಡುತ್ತೇವೆ? ಎಣ್ಣೆ ಸವರುತ್ತೇವೆಯೆ? ಇಲ್ಲ, ನೀರಿನಲ್ಲಿ ನೆನೆಹಾಕುತ್ತೇವೆ. ಒಣಗಿದ ಹಾಳೆಗೆ ಒಂದು ಕುಡ್ತೆ ಎಣ್ಣೆ ಹೊಯ್ದರೂ ಅದು ಮಿನುಗೀತೇ ಹೊರತು ಬಗ್ಗದು.

ಚರ್ಮದ ಸಂಗತಿಯೂ ಇದುವೇ ಎಂದು ತೋರಿಸಿಕೊಟ್ಟವರು ಅಮೆರಿಕದ ವಿಜ್ಞಾನಿ ಇರ್ವಿನ್ ಬ್ಲಾಂಕ್. 1952ರಲ್ಲಿ ಅವರು ಪ್ರಕಟಿಸಿದ ಪರೀಕ್ಷೆ ನಮ್ಮ ಎಂಟನೆಯ ತರಗತಿಯ ಮಕ್ಕಳೂ ಮಾಡಬಹುದಾದಷ್ಟು ಸರಳ. ಗಟ್ಟಿಯಾಗಿ ಒಣಗಿದ ಚರ್ಮದ ಹೊರಪದರದ ಚೂರನ್ನು ಎಣ್ಣೆಯಂಥ ಜಿಡ್ಡುಗಳಲ್ಲಿ ಇಟ್ಟರೆ ಅದು ಪೆಡಸಾಗಿಯೇ ಉಳಿಯಿತು. ನೀರಿನಲ್ಲಿ ಇಟ್ಟಾಗ ಮೆತ್ತಗಾಯಿತು. ಚರ್ಮವನ್ನು ಮೃದು ಮಾಡುವುದು ನೀರು. ಜಿಡ್ಡಿನ ಕೆಲಸ ಬೇರೆ: ಒಳಗೆ ಸೇರಿದ ನೀರು ಹಾರಿಹೋಗದಂತೆ ತಡೆಯುವುದು.

ಚರ್ಮದ ಹೊರಪದರವನ್ನು ಮುರಕಲ್ಲಿನ ಗೋಡೆಯೆಂದು ಭಾವಿಸಿರಿ. ಸತ್ತು ಚಪ್ಪಟೆಯಾದ ಜೀವಕೋಶಗಳು ಕಲ್ಲುಗಳು. ಅವುಗಳ ನಡುವಣ ಕೊಬ್ಬಿನ ಅಂಶಗಳು ಗಾರೆ. ಗಾರೆ ಚೆನ್ನಾಗಿದ್ದರೆ ಒಳಗಿನ ತೇವ ಒಳಗೇ ಉಳಿಯುತ್ತದೆ. ವಯಸ್ಸಾದಾಗ, ಅತಿ ಬಿಸಿನೀರಿನಿಂದ, ಖಾರವಾದ ಸಾಬೂನಿನಿಂದ, ಒಣಗಾಳಿಯಿಂದ ಗಾರೆ ಸವೆಯುತ್ತದೆ. ಕೆಲವು ಮಕ್ಕಳಲ್ಲಿ ಹುಟ್ಟಿನಿಂದಲೇ ಗಾರೆ ತೆಳು. ಹೊರಪದರದಲ್ಲಿ ನೀರಿನ ಅಂಶ ನೂರಕ್ಕೆ ಹತ್ತಕ್ಕಿಂತ ಕಡಿಮೆಯಾದರೆ ಅದು ಪೆಡಸಾಗಿ ಬಿರಿಯುತ್ತದೆ. ಆ ಬಿರುಕಿನಿಂದ ಇನ್ನಷ್ಟು ನೀರು ಹೋಗುತ್ತದೆ, ರೋಗಾಣು ಒಳಬರುತ್ತದೆ.

ಆದುದರಿಂದ ಸ್ನಾನವಾದ ಕೂಡಲೇ ಮೈ ತೇವವಿರುವಾಗಲೇ ಮುಲಾಮು ಹಚ್ಚಬೇಕು. ಸಾಯಂಕಾಲ ಒಣಗಿದ ಕಾಲಿಗೆ ಎಣ್ಣೆ ತಿಕ್ಕಿದರೆ ಒಣಗಿದ ಹಾಳೆಗೆ ಎಣ್ಣೆ ಸವರಿದಂತೆ. ಇದನ್ನು ಡಾಕ್ಟರರು ಹೇಳುವಾಗ, ತೋಟದ ಮನೆಯಲ್ಲಿ ಹುಟ್ಟಿ ಬೆಳೆದ ನನಗೆ ಯಾಕೆ ಹೊಳೆಯಲಿಲ್ಲವೆಂದು ನಾಚಿಕೆಯಾಯಿತು.

ಅಂಗಡಿಯಲ್ಲಿ ಯಾವುದನ್ನು ಕೇಳುವುದು?

ಮಾಯಿಶ್ಚರೈಸರ್ ಎಂಬ ಹೆಸರಿನಲ್ಲಿ ನೂರಾರು ಬಗೆ ಇದ್ದರೂ ಅವುಗಳಲ್ಲಿ ಕೆಲಸ ಮಾಡುವ ವಸ್ತುಗಳು ಮೂರೇ ತರ.

ಒಂದನೆಯದು ನೀರನ್ನು ಹಿಡಿದುಕೊಳ್ಳುವವು. ಗ್ಲಿಸರಿನ್, ಯೂರಿಯಾ, ಲ್ಯಾಕ್ಟಿಕ್ ಆಸಿಡ್ ಈ ಗುಂಪಿನವು. ಯೂರಿಯಾ ಎಂದ ಕೂಡಲೇ ಗೊಬ್ಬರದ ಚೀಲ ನೆನಪಾದೀತು. ವಸ್ತು ಒಂದೇ ಆದರೂ ಮದ್ದಿಗೆ ಬಳಸುವುದು ಶುದ್ಧೀಕರಿಸಿದ್ದನ್ನು. ಗೊಬ್ಬರವನ್ನು ಕಲಸಿ ಹಚ್ಚುವ ಸಾಹಸ ಬೇಡ. ನೂರಕ್ಕೆ 5ರಿಂದ 10ರಷ್ಟು ಯೂರಿಯಾ ಇರುವ ಕ್ರೀಮು ಒಣಚರ್ಮಕ್ಕೆ ತೇವ ಕೊಡುತ್ತದೆ. 20ಕ್ಕಿಂತ ಹೆಚ್ಚಾದರೆ ದಪ್ಪಗಟ್ಟಿದ ಚರ್ಮವನ್ನು ಕರಗಿಸುತ್ತದೆ; ಅದು ಹಿಮ್ಮಡಿಗೆ ಸರಿ, ಮುಖಕ್ಕಲ್ಲ. ಬಿರಿದು ಹಸಿಯಾದಲ್ಲಿ ಯೂರಿಯಾ ಉರಿಯುತ್ತದೆ; ಚಿಕ್ಕ ಮಕ್ಕಳಿಗೆ ಡಾಕ್ಟರರನ್ನು ಕೇಳದೆ ಬೇಡ. ಶುದ್ಧ ಗ್ಲಿಸರಿನ್ನನ್ನು ಹಾಗೆಯೇ ಹಚ್ಚುವುದೂ ಸರಿಯಲ್ಲ. ಒಣಹವೆಯಲ್ಲಿ ಅದು ಗಾಳಿಯಿಂದ ನೀರು ಸಿಗದೆ ಚರ್ಮದ ಒಳಗಿನ ನೀರನ್ನೇ ಮೇಲಕ್ಕೆ ಎಳೆಯುತ್ತದೆ. ನೀರು ಬೆರೆಸಿ ಹಚ್ಚಿ, ಅದರ ಮೇಲೆ ಜಿಡ್ಡಿನ ಮುಲಾಮು ಸವರಬೇಕು.

ಎರಡನೆಯದು ಸಂದುಗಳನ್ನು ತುಂಬುವವು, ಅಂದರೆ ಗಾರೆಯ ಕೆಲಸದವು. ಸೆರಮೈಡ್ ಎಂದು ಬರೆದಿರುವ ಕ್ರೀಮುಗಳು ಈ ಗುಂಪಿನವು. ಒಳ್ಳೆಯವೇ, ಆದರೆ ದುಬಾರಿ. ನಮ್ಮ ತೆಂಗಿನೆಣ್ಣೆಯೂ ಬಹುಮಟ್ಟಿಗೆ ಇಲ್ಲಿಗೆ ಸೇರುತ್ತದೆ. ಫಿಲಿಪೈನ್ಸಿನಲ್ಲಿ 34 ಮಂದಿ ಒಣಚರ್ಮದವರ ಕಾಲಿಗೆ ದಿನಕ್ಕೆ ಎರಡು ಸಲದಂತೆ ಎರಡು ವಾರ ಹಚ್ಚಿ ನೋಡಿದ ಪರೀಕ್ಷೆಯೊಂದು 2004ರಲ್ಲಿ ಪ್ರಕಟವಾಯಿತು. ಅದರಲ್ಲಿ ಶುದ್ಧ ತೆಂಗಿನೆಣ್ಣೆಯು ಖನಿಜ ಎಣ್ಣೆಯಷ್ಟೇ ಗುಣ ತೋರಿಸಿತು. 1916ರಲ್ಲಿ ತೆಂಗಿನ ಸಂಶೋಧನಾ ಕೇಂದ್ರವಾಗಿ ಆರಂಭಗೊಂಡ ಸಂಸ್ಥೆ ನಮ್ಮ ಕಾಸರಗೋಡಿನಲ್ಲಿಯೇ ಇದೆ. ಇಂಥ ಎಣ್ಣೆಯನ್ನು ತೆಂಗಿನಹಾಲಿನಿಂದ ತಯಾರಿಸುವ ವಿಧಾನಗಳನ್ನು ಅದು ರೂಪಿಸಿದೆ. ಮನೆಯ ಎಣ್ಣೆಯನ್ನು ಹೀಗಳೆಯಬೇಕಾಗಿಲ್ಲ. ಸಾಧಾರಣ ಒಣಚರ್ಮಕ್ಕೆ ಅದು ಸಾಕು. ಆಲಿವ್ ಎಣ್ಣೆಗೆ ಈ ಮಾತು ಸಲ್ಲದು. ಅದು ಚರ್ಮದ ತಡೆಗೋಡೆಯನ್ನು ದುರ್ಬಲ ಮಾಡುತ್ತದೆಂದು ಬ್ರಿಟನ್ನಿನ ಸಂಶೋಧಕರು 2013ರಲ್ಲಿ ಪ್ರಕಟಿಸಿದ್ದಾರೆ. ತಂಗಿಯ ಕಪಾಟಿನ ಬಾಟ್ಲಿ ಅಡುಗೆಮನೆಗೆ ಹೋಯಿತು.

ಮೂರನೆಯದು ಮುಚ್ಚುವವು. ಇವೇ ಬೀಗಗಳು. ಇವುಗಳಲ್ಲಿ ಮೊದಲ ಸ್ಥಾನ ಪೆಟ್ರೋಲಿಯಂ ಜೆಲ್ಲಿಗೆ. ಲೇಬಲಿನಲ್ಲಿ ಪೆಟ್ರೋಲೇಟಂ ಅಥವಾ ವೈಟ್ ಸಾಫ್ಟ್ ಪ್ಯಾರಫಿನ್ ಎಂದು ಬರೆದಿರುತ್ತಾರೆ. ಇದರ ಹುಟ್ಟೂರು ಸೌಂದರ್ಯದ ಅಂಗಡಿಯಲ್ಲ, ಎಣ್ಣೆಬಾವಿ. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಪಂಪಿನ ಸರಳಿಗೆ ಮೆತ್ತಿಕೊಳ್ಳುತ್ತಿದ್ದ ಜಿಡ್ಡನ್ನು ಕೆಲಸಗಾರರು ಗಾಯಕ್ಕೆ ಸವರಿಕೊಳ್ಳುವುದನ್ನು ಚೀಸ್‌ಬ್ರೋ ಎಂಬ ರಸಾಯನಜ್ಞ ಗಮನಿಸಿದ. ಅದನ್ನು ಶುದ್ಧಗೊಳಿಸಿ 1872ರಲ್ಲಿ ಪೇಟೆಂಟ್ ಪಡೆದ. ಅದೇ ವ್ಯಾಸಲೀನ್. ಚರ್ಮದಿಂದ ನೀರು ಹಾರಿಹೋಗುವುದನ್ನು ಇದರಷ್ಟು ತಡೆಯುವ ವಸ್ತು ಬೇರೆ ಇಲ್ಲವೆನ್ನಬಹುದು. ಬೆಲೆಯಲ್ಲಿ ಎಲ್ಲಕ್ಕಿಂತ ಅಗ್ಗ. ಲಿಕ್ವಿಡ್ ಪ್ಯಾರಫಿನ್, ಜೇನುಮೇಣ, ಕುರಿಯ ಉಣ್ಣೆಯಿಂದ ತೆಗೆಯುವ ಲ್ಯಾನೊಲಿನ್ ಕೂಡ ಬೀಗಗಳೇ. ಲ್ಯಾನೊಲಿನ್ ಕೆಲವರಿಗೆ ಅಲರ್ಜಿಯಾಗುವುದುಂಟು.

ಇನ್ನು ರೂಪ. ಲೋಶನ್ನಿನಲ್ಲಿ ನೀರು ಹೆಚ್ಚು, ಜಿಡ್ಡು ಕಡಿಮೆ. ನಮ್ಮ ಊರಿನ ಮಳೆಗಾಲದಲ್ಲಿ ಅದು ಸಾಕಾದೀತು. ಕಂಬಂ ಗಾಳಿಗೆ ಸಾಲದು. ಕ್ರೀಮು ಮಧ್ಯಮ. ಜಿಡ್ಡೇ ಹೆಚ್ಚಿರುವ ಆಯಿಂಟ್‌ಮೆಂಟ್ ಅತ್ಯಂತ ಒಣಗಿದ ಚರ್ಮಕ್ಕೆ ಉತ್ತಮ. ಬಾಟ್ಲಿ ಬಗ್ಗಿಸಿದಾಗ ಹರಿದು ಬಂದರೆ ಅದು ತೆಳು. ಬೆರಳಿನಲ್ಲಿ ತೆಗೆದಾಗ ಬೆಣ್ಣೆಯಂತೆ ನಿಂತರೆ ದಪ್ಪ. ಪರಿಮಳ ಸೇರಿಸದ್ದನ್ನೇ ಕೊಳ್ಳಿರಿ. ಒಡೆದ ಚರ್ಮಕ್ಕೆ ಸುಗಂಧದಿಂದ ಉರಿ, ಅಲರ್ಜಿ ಬಂದೀತು. ಲೇಬಲಿನ ಪಟ್ಟಿಯಲ್ಲಿ ಹೆಚ್ಚಿರುವ ವಸ್ತು ಮೊದಲು ಬರುತ್ತದೆ. ಪ್ಯಾರಫಿನ್, ಗ್ಲಿಸರಿನ್ ಮೇಲ್ಗಡೆಯಲ್ಲಿದ್ದರೆ ಒಳ್ಳೆಯ ಗುರುತು. ಬಾದಾಮಿ, ಕೇಸರಿ ಎಂದು ದೊಡ್ಡದಾಗಿ ಬರೆದು ಪಟ್ಟಿಯ ಕೊನೆಯಲ್ಲಿ ಅವು ಕಾಣಿಸಿಕೊಂಡರೆ ಅದು ಚಿತ್ರಕ್ಕಷ್ಟೇ.

ಬೆಲೆಯ ಲೆಕ್ಕವನ್ನೂ ಮಾಡಿ ನೋಡಿರಿ. ಮೈತುಂಬ ಕರಪಾಣಿಯ ಒಣಚರ್ಮವಿರುವ ಮಕ್ಕಳಿಗೆ ವಾರಕ್ಕೆ 250ರಿಂದ 500 ಗ್ರಾಂ ಬೇಕೆಂದು ಬ್ರಿಟನ್ನಿನ ವೈದ್ಯಕೀಯ ಮಾರ್ಗಸೂಚಿ ಹೇಳುತ್ತದೆ. ಐವತ್ತು ಗ್ರಾಮಿನ ವಿದೇಶಿ ಡಬ್ಬಿ ಅಂಥ ಮಗುವಿಗೆ ಎರಡು ದಿನಕ್ಕೂ ಬಾರದು. ದುಬಾರಿಯಾದುದನ್ನು ನಾವು ಕೈಹಿಡಿದು ಹಚ್ಚುತ್ತೇವೆ. ಅಗ್ಗವಾದುದನ್ನು ಧಾರಾಳವಾಗಿ ಹಚ್ಚುತ್ತೇವೆ. ಗುಣ ಕೊಡುವುದು ಧಾರಾಳವಾಗಿ ಹಚ್ಚಿದ್ದೇ.

ಹಚ್ಚುವ ಕ್ರಮ

ಡಾಕ್ಟರರು ಬರೆದುಕೊಟ್ಟದ್ದು ವೈಟ್ ಸಾಫ್ಟ್ ಪ್ಯಾರಫಿನ್ನೂ ಲಿಕ್ವಿಡ್ ಪ್ಯಾರಫಿನ್ನೂ ಸೇರಿದ ಸಾದಾ ಮುಲಾಮು. ಏಳು ಬಗೆಗಳ ಯಾವುದಕ್ಕಿಂತಲೂ ಅಗ್ಗ. ಹಚ್ಚುವ ಕ್ರಮ ಹೀಗೆ:

ಸ್ನಾನಕ್ಕೆ ಉಗುರುಬೆಚ್ಚಗಿನ ನೀರು ಸಾಕು. ನಮ್ಮ ಬಚ್ಚಲು ಹಂಡೆಯ ಹಬೆಯಾಡುವ ನೀರನ್ನು ಮೈಗೆ ಹೊಯ್ದುಕೊಳ್ಳುವ ಸುಖ ಒಣಚರ್ಮದವರಿಗೆ ಸಲ್ಲದು. ಐದು ಹತ್ತು ನಿಮಿಷಗಳಲ್ಲಿ ಸ್ನಾನ ಮುಗಿಯಲಿ. ಸೌಮ್ಯವಾದ ಸಾಬೂನನ್ನು ಕಂಕುಳು, ತೊಡೆಸಂದು, ಪಾದಗಳಿಗೆ ಮಾತ್ರ ಬಳಸಿರಿ. ಸೀಗೆ, ಕಡಲೆಹಿಟ್ಟು, ತೆಂಗಿನ ನಾರು, ಕಲ್ಲು ಹಾಕಿ ಕೈಕಾಲು ತಿಕ್ಕುವುದು ಬೇಡ.

ಟವೆಲಿನಿಂದ ಉಜ್ಜಬೇಡಿ, ಒತ್ತಿ ನೀರು ಹೀರಿಸಿರಿ. ಮೈಯಲ್ಲಿ ಸ್ವಲ್ಪ ತೇವ ಉಳಿದಿರಲಿ. ಮೂರು ನಿಮಿಷಗಳ ಒಳಗೆ, ಬಚ್ಚಲಿನಿಂದ ಹೊರಗೆ ಬರುವ ಮೊದಲೇ, ಮುಲಾಮು ಹಚ್ಚಬೇಕು. ರೋಮ ಮಲಗಿರುವ ದಿಕ್ಕಿಗೆ, ಮೇಲಿನಿಂದ ಕೆಳಕ್ಕೆ ಸವರಿರಿ. ತಿರುವಿ ತಿಕ್ಕಿದರೆ ರೋಮದ ಬುಡದಲ್ಲಿ ಗುಳ್ಳೆಗಳೇಳುವುದುಂಟು. ದಿನಕ್ಕೆ ಎರಡು ಸಲವಾದರೂ ಬೇಕು. ಎರಡನೆಯ ಸಲ ಸ್ನಾನವಿಲ್ಲದಿದ್ದರೆ ಒದ್ದೆ ಕೈಯಿಂದ ಚರ್ಮವನ್ನು ತೇವ ಮಾಡಿಕೊಂಡು ಹಚ್ಚಿರಿ. ಡಬ್ಬಿಯಿಂದ ಶುಭ್ರ ಚಮಚದಲ್ಲಿ ತೆಗೆಯಿರಿ, ಬೆರಳು ಅದ್ದಬೇಡಿ.

ಹಿಮ್ಮಡಿ ಒಡೆದವರು ರಾತ್ರಿ ಮಲಗುವ ಮೊದಲು ಉಗುರುಬೆಚ್ಚಗಿನ ನೀರಿನಲ್ಲಿ ಹತ್ತು ನಿಮಿಷ ಪಾದ ನೆನೆಸಿ, ಒತ್ತಿ ಒರಸಿ, ಮುಲಾಮು ಹಚ್ಚಿ ಹತ್ತಿಯ ಕಾಲುಚೀಲ ಹಾಕಿಕೊಂಡರೆ ಎರಡು ವಾರದಲ್ಲಿ ವ್ಯತ್ಯಾಸ ಕಾಣುತ್ತದೆ.

ಇನ್ನು ಎರಡು ಅಪಾಯಗಳನ್ನು ಹೇಳಲೇಬೇಕು. ಮುಲಾಮು ಮೆತ್ತಿದ ಬಟ್ಟೆಗೆ ಬೆಂಕಿ ಬೇಗನೆ ಹತ್ತುತ್ತದೆ, ಬೇಗನೆ ಹರಡುತ್ತದೆ. ಬ್ರಿಟನ್ನಿನ ಔಷಧ ನಿಯಂತ್ರಣ ಸಂಸ್ಥೆ 2018ರಲ್ಲಿ ಈ ಬಗ್ಗೆ ವಿಶೇಷ ಎಚ್ಚರಿಕೆ ಕೊಟ್ಟಿದೆ. ಹಚ್ಚಿಕೊಂಡ ಸೀರೆ, ನೈಟಿಯಲ್ಲಿಯೇ ಒಲೆಯ ಮುಂದೆ, ದೇವರ ದೀಪದ ಮುಂದೆ ನಿಲ್ಲಬೇಡಿ. ಬಟ್ಟೆಗಳನ್ನು ಆಗಾಗ ಒಗೆಯಿರಿ. ಎರಡನೆಯದು, ಜಿಡ್ಡಿನ ಕಾಲಿನಲ್ಲಿ ಬಚ್ಚಲಿನ ನೆಲ ಜಾರುತ್ತದೆ. ಹಿರಿಯರು ಕುಳಿತೇ ಹಚ್ಚಿಕೊಳ್ಳಲಿ.

ಅಜ್ಜಿಯ ಹಿಮ್ಮಡಿ

ನೆರೆಮನೆಯ ಅಜ್ಜಿ ಬಹುಕಾಲ ದ್ರಾಕ್ಷಿ ತೋಟದಲ್ಲಿ ದುಡಿದವರು. ಅಲ್ಲಿಯೂ ರೋಗಕ್ಕೆ ಬಿಡುವುದು ನಮ್ಮ ತೋಟಗಳಲ್ಲಿ ಕೊಳೆರೋಗಕ್ಕೆ ಬಿಡುವ ಅದೇ ಬೋರ್ಡೋ ಮದ್ದು, ಅಂದರೆ ಮೈಲುತುತ್ತು ಮತ್ತು ಸುಣ್ಣ. ಸುಣ್ಣ ತಾಗಿದ ಕೈಕಾಲು ಹೇಗೆ ಒಣಗಿ ಬಿರಿಯುತ್ತದೆಂಬುದನ್ನು ನಮ್ಮ ಓದುಗರಿಗೆ ವಿವರಿಸಬೇಕಾಗಿಲ್ಲ. ಅಜ್ಜಿಯ ಎರಡೂ ಹಿಮ್ಮಡಿಗಳಲ್ಲಿ ಕಾಳು ಹುದುಗುವಷ್ಟು ಆಳದ ಬಿರುಕುಗಳಿದ್ದವು. ಗಟ್ಟಿಯಾದ ಚರ್ಮವನ್ನು ಬ್ಲೇಡಿನಿಂದ ಹೆರೆದು ಬಿಸಿ ಮೇಣ ತುಂಬಿಸುವುದು ಅವರ ಅಭ್ಯಾಸ. ನೋವಾಗುವುದಿಲ್ಲವೆ ಎಂದು ಕೇಳಿದೆ. ಈಗೀಗ ನೋವೇ ತಿಳಿಯುವುದಿಲ್ಲ ಎಂದು ನಕ್ಕರು. ಆ ನಗು ಕೇಳಿ ನನಗೆ ಹೆದರಿಕೆಯಾಯಿತು. ಅವರಿಗೆ ಹತ್ತು ವರ್ಷಗಳಿಂದ ಸಕ್ಕರೆ ಕಾಯಿಲೆ.

ಸಕ್ಕರೆ ಕಾಯಿಲೆಯಲ್ಲಿ ಪಾದದ ನರಗಳು ಮಂದವಾಗುತ್ತವೆ. ಬೆವರೂ ಕಡಿಮೆಯಾಗಿ ಚರ್ಮ ಇನ್ನಷ್ಟು ಒಣಗುತ್ತದೆ. ನೋವಿಲ್ಲದ ಬಿರುಕಿನಲ್ಲಿ ಕೀವು ಸೇರಿದರೆ ತಿಳಿಯುವುದು ತಡವಾಗಿ. ಬೆರಳನ್ನೋ ಪಾದವನ್ನೋ ಕಳೆದುಕೊಳ್ಳುವುದು ಇಂಥ ಸಣ್ಣ ಬಿರುಕಿನಿಂದಲೇ. ಅಂಥವರು ಬ್ಲೇಡು ಮುಟ್ಟಬಾರದು. ಕಾಲನ್ನು ಬಿಸಿನೀರಿನಲ್ಲಿ ಇಡಲೂಬಾರದು. ಬಿಸಿ ಎಷ್ಟೆಂದು ಕಾಲಿಗೆ ತಿಳಿಯದು. ದಿನಕ್ಕೊಮ್ಮೆ ಪಾದ ತೊಳೆದು, ಮುಲಾಮನ್ನು ಹಿಮ್ಮಡಿಗೂ ಪಾದದ ಮೇಲಕ್ಕೂ ಹಚ್ಚಲಿ; ಬೆರಳುಗಳ ಸಂದಿಗೆ ಬೇಡ, ಅಲ್ಲಿ ತೇವ ನಿಂತರೆ ಬೂಸಲು ಹಿಡಿಯುತ್ತದೆ. ಕೈ ಬಗ್ಗದವರು ಕನ್ನಡಿ ಇಟ್ಟುಕೊಂಡು ಅಂಗಾಲು ನೋಡಿಕೊಳ್ಳಲಿ.

ಅಜ್ಜಿಯನ್ನು ತಂಗಿ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಒಂದು ಬಿರುಕಿನೊಳಗೆ ಆಗಲೇ ಕೀವು ಆಗಿತ್ತು. ಗುಣವಾಗಲು ಆರು ವಾರ ಹಿಡಿಯಿತು. ಪಾದ ಉಳಿಯಿತು.

ಮುಲಾಮಿಗೆ ಮೀರಿದ್ದು

ಎಲ್ಲ ಒಣಚರ್ಮವೂ ಮುಲಾಮಿನಿಂದ ಸರಿಯಾಗುವಂಥದ್ದಲ್ಲ. ಮನೆಯವರಿಗೆಲ್ಲ ರಾತ್ರಿ ತುರಿಕೆಯಾದರೆ ಅದು ಕಜ್ಜಿಯಿರಬಹುದು. ಒಣಗಿದ, ಬಣ್ಣ ಮಾಸಿದ ಮಚ್ಚೆಯಲ್ಲಿ ಸ್ಪರ್ಶ ತಿಳಿಯದಿದ್ದರೆ ಕುಷ್ಠವಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಅದಕ್ಕೆ ಈಗ ಪೂರ್ಣ ಗುಣವಾಗುವ ಮದ್ದಿದೆ, ಸರಕಾರಿ ಆಸ್ಪತ್ರೆಯಲ್ಲಿ ಉಚಿತ. ದೊಡ್ಡವರಿಗೆ ಹೊಸದಾಗಿ ಮೈಯೆಲ್ಲ ಒಣಗತೊಡಗಿದರೆ ಥೈರಾಯ್ಡ್, ಮೂತ್ರಪಿಂಡ, ಸಕ್ಕರೆಯ ಪರೀಕ್ಷೆ ಅಗತ್ಯ. ರಸ ಒಸರಿ ಹಳದಿ ಹಕ್ಕಳೆ ಕಟ್ಟಿದರೆ ಸೋಂಕಿನ ಗುರುತು.

ಸ್ಟಿರಾಯ್ಡ್ ಮದ್ದನ್ನು ನಾನು ದೂರುತ್ತಿಲ್ಲ. ಕರಪಾಣಿ ಉಲ್ಬಣಿಸಿದಾಗ, ಇಂತಿಷ್ಟು ದಿನವೆಂದು ಡಾಕ್ಟರರು ಹೇಳಿದ ಪ್ರಕಾರ ಹಚ್ಚಿದರೆ ಅದು ಉಪಕಾರಿ. ಅದನ್ನು ತೇವದ ಕ್ರೀಮೆಂದೋ ಬಿಳಿಯಾಗುವ ಕ್ರೀಮೆಂದೋ ಭಾವಿಸಿ ತಿಂಗಳುಗಟ್ಟಲೆ ಹಚ್ಚುವುದು ಅಪಾಯ. ಕೇಂದ್ರ ಸರಕಾರ 2018ರಲ್ಲಿ ಇಂಥ 14 ಲೇಪನಗಳನ್ನು ಚೀಟಿಯಿಲ್ಲದೆ ಮಾರಬಾರದ ಪಟ್ಟಿಗೆ ಸೇರಿಸಿದೆ. ಹೆಸರಿನಲ್ಲಿ ಕ್ಲೋಬೆಟಸಾಲ್, ಬೀಟಾಮೆಥಸೋನ್, ಮೊಮೆಟಸೋನ್ ಎಂದಿದ್ದರೆ ಡಾಕ್ಟರರ ಮಾತಿಲ್ಲದೆ ಮುಟ್ಟಬೇಡಿ.

ನಮ್ಮ ಮನೆಗಳಲ್ಲಿ

ಇದೆಲ್ಲ ಕಂಬಂನವರ ಕತೆ, ನಮಗೇಕೆ ಎನ್ನಬೇಡಿ. ಧನುರ್ಮಾಸದ ಚಳಿಯಲ್ಲಿ ನಮ್ಮ ಹಿರಿಯರ ಕಾಲೂ ಬಿರಿಯುತ್ತದೆ. ಅಡಿಕೆ ಸುಲಿಯುವವರ, ಪಾತ್ರೆ ತೊಳೆಯುವವರ ಬೆರಳು ಒಡೆಯುತ್ತದೆ. ಗಲ್ಫಿನಲ್ಲಿರುವ ನಮ್ಮ ಮಕ್ಕಳು ಹಗಲಿರುಳು ಹವಾನಿಯಂತ್ರಣದ ಒಣಗಾಳಿಯಲ್ಲಿರುತ್ತಾರೆ. ಇನ್ನೊಂದು ತೊಡಕು ನಮಗೇ ವಿಶೇಷವಾದುದು. ಮದ್ದಿನ ಮೇಲೆ ಇಂಗ್ಲಿಷ್, ಅಂಗಡಿಯಲ್ಲಿ ಮಲಯಾಳ, ಮನೆಯಲ್ಲಿ ಕನ್ನಡ. ಸರಿಯಾಗಿ ಕೇಳಲು ಸಂಕೋಚವಾಗಿ ಕೊಟ್ಟದ್ದನ್ನು ತರುತ್ತೇವೆ. ತಂಗಿ ತಮಿಳು ನಾಡಿನಲ್ಲಿ ಮಾಡಿದ್ದೂ ಅದನ್ನೇ. ಸುಗಂಧವಿಲ್ಲದ್ದು, ವೈಟ್ ಸಾಫ್ಟ್ ಪ್ಯಾರಫಿನ್ ಇರುವುದು, ಸ್ಟಿರಾಯ್ಡ್ ಇಲ್ಲದ್ದು ಎಂಬ ಮೂರು ಮಾತುಗಳನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿರಿ. ಮನೆಯಲ್ಲಿ ಓದುವ ಮಕ್ಕಳಿದ್ದರೆ ಲೇಬಲನ್ನು ಅವರಿಂದ ಓದಿಸಿರಿ.

ಹಿಂತಿರುಗುವಾಗ ನಾನು ದಿಂಡಿಗಲ್ಲಿಗೆ ಬಂದು ಪಳನಿ, ಪೊಳ್ಳಾಚಿ ಮಾರ್ಗವಾಗಿ ಪಾಲಕ್ಕಾಡಿನ ರೈಲು ಹಿಡಿದೆ. ದಿಂಡಿಗಲ್ಲು ಎರಡು ಕಸುಬುಗಳಿಗೆ ಹೆಸರಾದ ಊರು: ಬೀಗ ಮತ್ತು ತೊಗಲು. ಅಲ್ಲಿನ ಬೀಗಕ್ಕೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿದೆ. ತೊಗಲು ಹದ ಮಾಡುವವರು ಅದನ್ನು ಒಣಗಿಸುವ ಮುನ್ನ, ಇನ್ನೂ ಒದ್ದೆಯಾಗಿರುವಾಗಲೇ ಎಣ್ಣೆ ಉಣಿಸುತ್ತಾರೆ. ಒಣಗಿಸಿದ ಮೇಲೆ ಕೊಟ್ಟರೆ ಒಳಗೆ ಹಿಡಿಯುವುದಿಲ್ಲ. ನಾವು ಪುಸ್ತಕದಲ್ಲಿ ಓದಿ ಕಲಿತದ್ದನ್ನು ಆ ಕಸುಬಿನವರು ಕೈಯಿಂದಲೇ ಕಲಿತಿದ್ದರು. ಉಗ್ರಾಣದ ಬಾಗಿಲಿಗೆಂದು ಒಂದು ಬೀಗ ಕೊಂಡುಕೊಂಡೆ.

ಮೊನ್ನೆ ತಂಗಿ ಫೋನು ಮಾಡಿದ್ದಳು. ಕೆನ್ನೆಯ ಕೆಂಪು ಪೂರ್ತಿ ಹೋಗಿಲ್ಲ. ಅದಕ್ಕೆ ಇನ್ನೂ ಕೆಲವು ತಿಂಗಳು ಬೇಕೆಂದು ಡಾಕ್ಟರರು ಹೇಳಿದ್ದಾರೆ. ಕಾಲು ನೆಟ್ಟಗಾಗಿದೆ. ಹಿನ್ನೆಲೆಯಲ್ಲಿ ಮಗು ಏನೋ ಕೂಗಿ ಹೇಳುತ್ತಿತ್ತು. ಏನೆಂದು ಕೇಳಿದೆ. "ಕಾಲುಚೀಲ ಬೇಡ, ಸೆಕೆಯಾಗ್ತದೆ ಅಂತೆ" ಎಂದಳು ತಂಗಿ.